ಆರು ತಂತಿಯ ಮೊದಲ ಪಾಠ

ಗಿಟಾರ್ ಕಲಿಸುವುದನ್ನೇ ಹೊಟ್ಟೆಪಾಡು ಮಾಡಿಕೊಳ್ಳಲು ಹೊರಟ ಹುಡುಗ ಹುಡುಗಿಯರು ಆಗಾಗ ಡೊಂಬಿವಲಿಯ ನನ್ನ ಮನೆಗೆ ಬರುತ್ತಾರೆ. ಚಪ್ಪಲಿ ಬಿಡುವ ಮೊದಲೇ ಅವರು ಕೇಳುವುದು ಒಂದೇ ಮಾತು: “ಟೀಚರ್, ಸ್ಪೀಡ್ ಬರಿಸೋದು ಹೇಗೆ?” ನಾನು ಕೂರಿಸಿ, ಚಹಾ ಕೊಟ್ಟು, ತಿರುಗಿ ಕೇಳುತ್ತೇನೆ: “ಸ್ಪೀಡು ಬೇಕಾದದ್ದು ಯಾರಿಗೆ? ಕಲಿಯುವವನಿಗೋ, ಅವನ ಅಪ್ಪನಿಗೋ, ನಿನಗೋ?” ಅಲ್ಲಿಗೆ ಅರ್ಧ ಜನ ಚಹಾ ಮುಗಿಸಿ ಎದ್ದು ಹೋಗುತ್ತಾರೆ. ಉಳಿದ ಅರ್ಧದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಪಾಠ ನಿಲ್ಲಿಸಿ ಎರಡು ವರ್ಷವಾಯಿತು. ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದಿದೆ. ಡಾಕ್ಟರು ಎಕ್ಸ್‌ರೇ ತೋರಿಸಿ “ಇಲ್ಲಿ ಒಂದು ಗಾದಿ ಇರಬೇಕಿತ್ತು ಅಮ್ಮಾ, ಇಲ್ಲ” ಅಂದರು. ನಲವತ್ತು ವರ್ಷಕ್ಕೂ ಮೇಲೆ ಒಂದು ಪ್ಲಾಸ್ಟಿಕ್ ಚೂರನ್ನು, ಎಂದರೆ ತಂತಿ ಮೀಟುವ ಪಿಕ್ಕನ್ನು, ಹಿಡಿದ ಬೆರಳು ಅದು. ಈಗ ದಿನಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಹನ್ನೊಂದನೇ ನಿಮಿಷಕ್ಕೆ ಪಿಕ್ಕು ತಾನಾಗಿ ಜಾರಿ ನೆಲಕ್ಕೆ ಬೀಳುತ್ತದೆ. ಬೆಳಿಗ್ಗೆ ಆ ಹತ್ತು ನಿಮಿಷ ಮುಗಿದ ಮೇಲೆ ಇಡೀ ದಿನ ನನ್ನ ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ಕೆಳಗೆ-ಮೇಲೆ, ಕೆಳಗೆ-ಮೇಲೆ ಆಡುತ್ತಿರುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಏನೋ ಕಾಯಿಲೆ ಅಂದುಕೊಳ್ಳುತ್ತಾರೆ.

ಎಷ್ಟು ಮಕ್ಕಳಿಗೆ ಕಲಿಸಿದೆ, ಯಾವ ಮಂಡಳಿ ಶಾಲು ಹೊದೆಸಿತು ಎಂಬುದು ನಿಮಗೆ ಉಪಯೋಗಕ್ಕೆ ಬಾರದು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ನನ್ನ ಗುರುಗಳು ಕೊಟ್ಟ ಮೊದಲ ಪಾಠವನ್ನು ಅವರಿಗೆ ಒಪ್ಪಿಸದೆಯೇ ನಾನು ಎದ್ದು ಬಂದಿದ್ದೆ. ಕೈ ಪೂರ್ತಿ ನಿಲ್ಲುವ ಮೊದಲು ಅದನ್ನು ಅವರ ಎದುರು ಕೂತು ಒಪ್ಪಿಸಬೇಕು ಎಂಬ ಆಸೆಯೊಂದು ಈ ಎಲ್ಲ ವರ್ಷ ನನ್ನ ಹಿಂದೆಯೇ ನಡೆದು ಬಂದಿದೆ. ಈ ಕೆಲಸದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಒಂದು ಪಾಠದ ಸುತ್ತಲೇ ಇದೆ.

ಉಡುಪಿಯ ಹತ್ತಿರದ ಊರಿನಿಂದ ನಾನು ಡೊಂಬಿವಲಿಗೆ ಬಂದಾಗ ನನಗೆ ಹದಿನೇಳು. ಅಪ್ಪ ಸ್ಟೇಷನ್ನಿನ ಪಕ್ಕದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಕನ್ನಡ, ಶಾಲೆಯಲ್ಲಿ ಕಲಿತ ನಾಲ್ಕು ಹಿಂದಿ ಮಾತು, ಮರಾಠಿ ಸೊನ್ನೆ. ಬಂದ ಎರಡನೇ ವಾರ ಕಲ್ಯಾಣದ ಒಂದು ಗುಜರಿ ಅಂಗಡಿಯಲ್ಲಿ ಗಿಟಾರ್ ನೇತುಹಾಕಿದ್ದು ಕಂಡಿತು. ಆರು ತಂತಿಯಲ್ಲಿ ನಾಲ್ಕೇ ಇದ್ದವು. “ಎರಡು ತಂತಿ ಇಲ್ಲ, ಮೂರರಲ್ಲಿ ಒಂದು ಪಾಲು ಬೆಲೆ ಬಿಡಿ” ಅಂದೆ. ಅಂಗಡಿಯವ ನಕ್ಕ. “ತಂತಿ ಬೇರೆ ಸಿಗುತ್ತೆ ಬೇಟಿ.” “ಸಿಗುವುದಾದರೆ ನೀವೇ ಹಾಕಿ ಕೊಡಿ, ಪೂರ್ತಿ ಬೆಲೆ ಕೊಡುತ್ತೇನೆ.” ಅವನು ಬೆಲೆ ಬಿಟ್ಟ, ಉಳಿದ ದುಡ್ಡಿನಲ್ಲಿ ಎರಡು ತಂತಿ ಕೊಂಡೆ. ಅಮ್ಮ ಅದನ್ನು ನೋಡಿ “ದಾನೆ ಉಂದು?”, ಏನಿದು, ಎಂದು ಕೇಳಿ, ಉತ್ತರಕ್ಕೆ ಕಾಯದೆ ಅದರ ಹೊಟ್ಟೆಯೊಳಗಿನ ಜಿರಳೆಯನ್ನು ಹೊಡೆದು ಹಾಕಿದರು.

ಸಾಳ್ವಿ ಮಾಸ್ತರರು ನಮ್ಮ ಗಲ್ಲಿಯ ತುದಿಯ ಚಾಳಿನ ಎರಡನೇ ಮಾಳಿಗೆಯಲ್ಲಿ ಇದ್ದರು. ಯಾವುದೋ ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಆರಕ್ಕೆ ಕ್ಲಾಸು, ಏಳೂಕಾಲರ ಲೋಕಲ್ಲಿಗೆ ಅವರು ಓಟ. ಐದಾರು ಹುಡುಗರು ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದರು, ಹುಡುಗಿ ನಾನೊಬ್ಬಳೇ. ಮೊದಲ ಪಾಠ ಬಹಳ ಸರಳ. ಒಂದು ತಂತಿಯ ಮೇಲೆ ನಾಲ್ಕು ಸ್ವರ, ಪಿಕ್ಕು ಒಮ್ಮೆ ಕೆಳಗೆ ಒಮ್ಮೆ ಮೇಲೆ. ಆಮೇಲೆ ಮುಂದಿನ ತಂತಿ. ಹೀಗೆ ಆರೂ ತಂತಿ ಹತ್ತಿ, ಅದೇ ದಾರಿಯಲ್ಲಿ ಇಳಿಯುವುದು. ಅಷ್ಟೇ.

ಮೊದಲ ದಿನ ನುಡಿಸಿದೆ. ಮಾಸ್ತರರು ಕತ್ತು ವಾಲಿಸಿ ಕೇಳಿ, ಮುಗುಳ್ನಗುತ್ತಾ ಒಂದೇ ಮಾತು ಹೇಳಿದರು: “ಹಳೂ.”

ನನ್ನ ಕಿವಿಗೆ ಬಿದ್ದದ್ದು ‘ಹಾಳು’. ಹೋಟೆಲಿನಲ್ಲಿ ದೋಸೆ ಕಾವಲಿಗೆ ಅಂಟಿದರೆ ಹಾಳು, ಹಾಲು ಒಡೆದರೆ ಹಾಳು. ನಾನು ನುಡಿಸಿದ್ದೂ ಹಾಳು. ಸರಿ, ಹೊಸಬಳು, ಆಗಿರಬಹುದು ಅಂದುಕೊಂಡೆ. ಮರುದಿನ ಇನ್ನಷ್ಟು ಚುರುಕಾಗಿ ನುಡಿಸಿದೆ. “ಹಳೂ, ಹಳೂ.” ಅದರ ಮರುದಿನ ಇನ್ನೂ ಜೋರು. ಅವರು ಎರಡೂ ಕೈ ಗಾಳಿಯಲ್ಲಿ ಕೆಳಗೆ ಒತ್ತುತ್ತಾ, ಮಗುವಿಗೆ ಹೇಳುವಂತೆ, “ಅಗಂ, ಹಳೂ...” ಎಂದು ಎಳೆದರು. ಬೈಯುವುದೇ ಆದರೆ ಮುಖ ಗಂಟು ಹಾಕಿ ಬೈಯಬೇಕು. ನಗುತ್ತಾ ಬೈಯುವವರನ್ನು ಕಂಡರೆ ನನಗೆ ಈಗಲೂ ಆಗದು.

ಪಕ್ಕದ ಹುಡುಗರಿಗೆ ಎರಡನೇ ಪಾಠ ಸಿಕ್ಕಿತು, ಮೂರನೆಯದೂ ಸಿಕ್ಕಿತು. ಮರಾಠಿಯಲ್ಲಿ ಪಾಠಕ್ಕೆ ‘ಧಡಾ’ ಅನ್ನುತ್ತಾರೆ, ಅದೊಂದು ಶಬ್ದ ಕಲಿತುಬಿಟ್ಟಿದ್ದೆ, ಏಕೆಂದರೆ ಪ್ರತಿದಿನ ಕಾಯುತ್ತಿದ್ದದ್ದು ಅದಕ್ಕೇ. ‘ದುಸರಾ ಧಡಾ’, ಎರಡನೇ ಪಾಠ, ಮೂರು ತಿಂಗಳಾದರೂ ನನ್ನ ಪಾಲಿಗೆ ಬರಲಿಲ್ಲ. ಒಂದು ದಿನ ಹಲ್ಲು ಕಚ್ಚಿ, ಹೆಗಲಿನಿಂದ ಬೆರಳಿನವರೆಗೆ ಇಡೀ ತೋಳನ್ನು ಕಲ್ಲು ಮಾಡಿಕೊಂಡು, ಗಾಳಿಯ ಹಾಗೆ ಆರೂ ತಂತಿ ಹತ್ತಿ ಇಳಿದೆ. ಒಂದು ಸ್ವರವೂ ತಪ್ಪಿರಲಿಲ್ಲ.

“ಹಳೂ,” ಅಂದರು ಮಾಸ್ತರರು.

ನಾನು ಎದ್ದು ನಿಂತೆ. “ಸರ್, ಹಾಳು ನಹೀ ಹೈ.”

“ತೇಚ್ ತರ್!” ಅಂದರು ಅವರು, ಅದನ್ನೇ ಅಲ್ಲವೇ ನಾನು ಹೇಳುತ್ತಿರುವುದು ಎಂಬಂತೆ ತೊಡೆ ತಟ್ಟಿ. “ಹಳೂ ನಾಹೀ!”

ಈಗ ಹಾಳಲ್ಲ ಅನ್ನುತ್ತಾರೆ, ಮೂರು ತಿಂಗಳು ಹಾಳು ಅಂದರು. ಹುಡುಗರು ಬೇರೆ ನಗುತ್ತಿದ್ದಾರೆ. ಇಷ್ಟು ಹುಡುಗರ ನಡುವೆ ನನ್ನನ್ನು ಆಟ ಆಡಿಸುತ್ತಿದ್ದಾರೆ ಅನಿಸಿತು. ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದೆ. ಹಿಂದಿನಿಂದ ಅವರು ಮತ್ತೆ ಕೂಗಿದರು, “ಅಗಂ, ಹಳೂ!” ಇಳಿಯುವಾಗ ಬೀಳಬೇಡ ಎಂದು ಹೇಳಿರಬೇಕು. ನಾನು ಎರಡೆರಡು ಮೆಟ್ಟಿಲು ಹಾರಿ ಇಳಿದೆ.

ಗೊತ್ತಾದದ್ದು ಇನ್ನೊಂದು ತಿಂಗಳು ಕಳೆದ ಮೇಲೆ. ಲೇಡೀಸ್ ಡಬ್ಬಿಯಲ್ಲಿ ಠಾಣೆಗೆ ಹೋಗುತ್ತಿದ್ದೆ. ತುಂಬು ಬಸುರಿಯೊಬ್ಬಳು ಇಳಿಯಲು ಬಾಗಿಲಿಗೆ ಬಂದಳು. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಅವಳ ಮೊಣಕೈ ಹಿಡಿದು, “ಹಳೂ ಗಂ ಬಾಯಿ, ಹಳೂ ಹಳೂ” ಎಂದು ಒಂದೊಂದೇ ಹೆಜ್ಜೆ ಇಳಿಸಿದಳು. ಇನ್ನೊಂದು ಕೈಯನ್ನು ಗಾಳಿಯಲ್ಲಿ ಕೆಳಗೆ ಒತ್ತಿದಳು, ಥೇಟ್ ಮಾಸ್ತರರ ಹಾಗೆಯೇ. ನಿಧಾನ. ನಿಧಾನವಾಗಿ. ಆ ಮನುಷ್ಯ ಮೂರು ತಿಂಗಳು ನನ್ನನ್ನು ಬೈದಿರಲೇ ಇಲ್ಲ. ಬೀಳದ ಹಾಗೆ ಇಳಿಸುತ್ತಿದ್ದರು. ಠಾಣೆಯಲ್ಲಿ ಇಳಿಯುವುದನ್ನು ಮರೆತು ಮುಲುಂಡಿನವರೆಗೆ ಹೋದೆ.

ಆ ಸಂಜೆಯೇ ಹೋಗಿ ಹೇಳಬೇಕಿತ್ತು. ನಾನು ವ್ಯಾಪಾರದ ಬುದ್ಧಿಯವಳು, ಖಾಲಿ ಕೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಏನಾದರೂ ಸಾಧಿಸಿ, ಅದನ್ನು ಎದುರಿಗಿಟ್ಟು, ಆಮೇಲೆ ತಪ್ಪಾಯಿತು ಅನ್ನೋಣ ಅಂದುಕೊಂಡೆ. ಕಿರಿಯರೇ, ಕ್ಷಮೆ ಕೇಳುವುದನ್ನು ಹಾಗೆ ಮುಂದಕ್ಕೆ ಹಾಕಬೇಡಿ. ದಿನ ಕಳೆದ ಹಾಗೆ ಮೆಟ್ಟಿಲು ಎತ್ತರವಾಗುತ್ತದೆ.

ಸಾಧನೆಯ ಕಥೆ ಹೇಳುತ್ತೇನೆ ಕೇಳಿ. ಎರಡು ವರ್ಷ ಒಬ್ಬಳೇ ಕೈ ಕುಟ್ಟಿಕೊಂಡು ಒಂದು ಆರ್ಕೆಸ್ಟ್ರಾ ಸೇರಿದೆ. ಅದರ ಯಜಮಾನ ದಿನೂಭಾವು, ಕಪ್ಪು ಕನ್ನಡಕದ ದಪ್ಪ ಮನುಷ್ಯ. ‘ಗಿಟಾರ್ ನುಡಿಸುವ ಹುಡುಗಿ’ ಎಂದು ಬೋರ್ಡಿನಲ್ಲಿ ಬರೆಸಬಹುದು ಎಂಬುದೇ ಅವನಿಗೆ ನಾನು ಬೇಕಾಗಿದ್ದ ಕಾರಣ. ಕಲ್ಯಾಣದ ಒಂದು ಮದುವೆ, ಮಧ್ಯಾಹ್ನದ ಊಟದ ಹೊತ್ತು. ಒಂದು ಹಾಡಿನ ನಡುವೆ ಒಂದೇ ಸ್ವರವನ್ನು ಬಿಡದೆ ಸರಸರ ಮೀಟುತ್ತಾ ಹೋಗಬೇಕು, ಹಾಡುವವಳು ಉಸಿರು ತೆಗೆದುಕೊಳ್ಳುವ ತನಕ. ಮನೆಯಲ್ಲಿ ಅರ್ಧ ನಿಮಿಷ ನುಡಿಸಿ ಅಭ್ಯಾಸ. ಅಲ್ಲಿ ವಧುವಿನ ಮಾವಂದಿರು ಕುಣಿಯಲು ಎದ್ದರು, ದಿನೂಭಾವು ಬೆರಳು ಸುತ್ತಿಸಿ ‘ಇನ್ನೂ, ಇನ್ನೂ’ ಅಂದ. ಒಂದು ನಿಮಿಷಕ್ಕೆ ಮುಂಗೈ ಉರಿಯಿತು. ಒಂದೂವರೆ ನಿಮಿಷಕ್ಕೆ ಮೊಣಕೈ ಮರದ ಕೊರಡಾಯಿತು. ಬೆರಳಲ್ಲಿ ಜೀವವಿಲ್ಲ. ಪಿಕ್ಕು ಹಾರಿ ಹೋಗಿ ಮುಂದಿನ ಪಂಕ್ತಿಯ ಅಜ್ಜನೊಬ್ಬರ ಶ್ರೀಖಂಡದಲ್ಲಿ ಬಿತ್ತು. ಅವರು ಅದನ್ನು ಚಮಚದಿಂದ ಎತ್ತಿ ನೋಡಿ, ಬಾದಾಮಿ ಇರಬಹುದೆಂದು ಬಾಯಿಗಿಟ್ಟು ನೋಡಿ, ಆಮೇಲೆ ಪಕ್ಕಕ್ಕಿಟ್ಟರು.

ದಿನೂಭಾವು ಕನ್ನಡಕ ತೆಗೆದು ಹೇಳಿದ: “ಮ್ಯಾಡಮ್, ಗಾನಾ ಖತಮ್ ನಹೀ ಹುವಾ, ಆಪ್ ಖತಮ್ ಹೋ ಗಯೀ.” ಹಾಡು ಮುಗಿಯಲಿಲ್ಲ, ನೀವು ಮುಗಿದಿರಿ.

ಆಮೇಲಿನ ಮೂರು ಕಾರ್ಯಕ್ರಮಕ್ಕೆ ಅವನು ನನ್ನನ್ನು ಕರೆಯಲಿಲ್ಲ.

ನನ್ನನ್ನು ಉಳಿಸಿದ್ದು ಈರುಳ್ಳಿ. ಅಪ್ಪನ ಹೋಟೆಲಿನ ಅಡುಗೆ ಶೀನ ಭಟ್ಟರದ್ದು. ಬೆಳಗಾದರೆ ದೋಸೆಯ ಪಲ್ಯಕ್ಕೆ ಒಂದು ಮೂಟೆ ಈರುಳ್ಳಿ ಕೊಚ್ಚುವವರು. ಮದುವೆಯ ಮರುದಿನ ಮುಂಗೈಗೆ ಬಟ್ಟೆ ಸುತ್ತಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದೆ.

“ಎಂತ ಕೈ ಹಿಡ್ಕೊಂಡು ಕೂತದ್ದು ವಸಂತಿ?” ಅಂದರು ಭಟ್ಟರು, ಕತ್ತಿ ನಿಲ್ಲಿಸದೆ.

“ನೋವು ಭಟ್ರೇ. ನಿಮಗೆ ನೋವಾಗುದಿಲ್ವಾ, ಇಷ್ಟು ಕೊಚ್ಚಿ?”

“ಕೊಚ್ಚುದು ನಾನಲ್ಲ ಮಾರಾಯ್ತಿ, ಕತ್ತಿ. ಅದು ಓಡಿಹೋಗದ ಹಾಗೆ ನಾನು ಹಿಡ್ಕೊಂಡಿದ್ದೇನೆ ಅಷ್ಟೆ. ನೀ ನಿನ್ನ ಆ ಪಿಟೀಲನ್ನು ಹೇಗೆ ಹಿಡೀತಿ ತೋರ್ಸು.”

“ಪಿಟೀಲಲ್ಲ, ಗಿಟಾರು.” ಒಂದು ಕರಿಬೇವಿನ ಎಲೆ ತೆಗೆದುಕೊಂಡು ಪಿಕ್ಕಿನಂತೆ ಹಿಡಿದು ತೋರಿಸಿದೆ. ಎಲೆ ಜಜ್ಜಿಹೋಯಿತು.

ಭಟ್ಟರು ಎಲೆಯ ಗತಿಯನ್ನೇ ನೋಡಿದರು. “ಅದು ಎಂತ ಕಳ್ಳನಾ, ಹಾಗೆ ಹಿಡಿಲಿಕ್ಕೆ? ಇಲ್ಲಿ ನೋಡು, ಕತ್ತಿ ಎಷ್ಟು ಮೇಲೆ ಏಳ್ತದೆ?” ಈರುಳ್ಳಿಯ ಎತ್ತರಕ್ಕಿಂತ ಒಂದು ಕೂದಲು ಮೇಲೆ, ಅಷ್ಟೇ. ಕತ್ತಿಯ ತುದಿ ಹಲಗೆ ಬಿಟ್ಟು ಏಳುತ್ತಲೇ ಇರಲಿಲ್ಲ. “ಹೊಸಬ್ರು ಕತ್ತಿ ಎತ್ತುದು ಕಿವಿವರೆಗೆ. ಈರುಳ್ಳಿ ಕಿವಿಯಲ್ಲಿ ಉಂಟಾ? ಮತ್ತೆ ಸುಸ್ತಾದ ಮೇಲೆ ನಿಲ್ಲಿಸುದಲ್ಲ. ಸುಸ್ತಾಗುವ ಮೊದಲು ನಿಲ್ಲಿಸ್ಬೇಕು. ಕೈ ಬೀಸ್ಬೇಕು, ಒಂದು ಲೋಟ ನೀರು ಕುಡಿಬೇಕು, ಪುನಃ ಕೂತ್ಕೊಳ್ಬೇಕು. ನಾಳೆಯೂ ಮೂಟೆ ಬರ್ತದಲ್ಲ.”

ವೇಗ ಮತ್ತು ತಾಳಿಕೆಯ ಬಗ್ಗೆ ನಾನು ಆಮೇಲೆ ಎಷ್ಟೋ ಪುಸ್ತಕ ನೋಡಿದೆ, ವಿಡಿಯೋ ನೋಡಿದೆ. ಭಟ್ಟರ ಮಾತಿಗೆ ಅವು ಸೇರಿಸಿದ್ದು ಬಹಳ ಕಡಿಮೆ. ಪಿಕ್ಕಿನ ತುದಿಯಷ್ಟೇ ತಂತಿಗೆ ತಾಗಲಿ. ತಂತಿ ದಾಟಿದ ಮೇಲೆ ಪಿಕ್ಕು ಪ್ರವಾಸ ಹೋಗಬಾರದು, ಅಲ್ಲೇ ತಿರುಗಬೇಕು. ಆಡುವುದು ಮಣಿಕಟ್ಟು, ಮೊಣಕೈ ಅಲ್ಲ. ಹೆಗಲು ಕಿವಿಯ ಕಡೆ ಏರುತ್ತಿದೆಯೋ ನೋಡಿಕೊಳ್ಳಿ; ಏರಿದರೆ ನಿಮ್ಮ ವೇಗ ಸುಳ್ಳು. ದವಡೆ ಬಿಗಿದಿದ್ದರೂ ಸುಳ್ಳು. ಅವಸರದ ಅಭ್ಯಾಸ ಬೇಕೇ ಬೇಕು ಅನಿಸಿದರೆ ನಾಲ್ಕೇ ಸ್ವರ ಮಿಂಚಿನ ಹಾಗೆ ನುಡಿಸಿ, ನಿಲ್ಲಿಸಿ, ಕೈ ಸಡಿಲ ಬಿಟ್ಟು, ಮತ್ತೆ ನಾಲ್ಕು. ಅದು ವೇಗಕ್ಕೆ. ತಾಳಿಕೆಗೆ ಸುಖವಾದ ವೇಗದಲ್ಲಿ ಉದ್ದಕ್ಕೆ ನುಡಿಸುವುದು, ದಿನಕ್ಕೊಂದು ನಿಮಿಷ ಹೆಚ್ಚಿಸುವುದು. ಎರಡನ್ನೂ ಒಂದೇ ದಿನ ಒಂದೇ ಕೈಯಿಂದ ವಸೂಲಿ ಮಾಡಲು ಹೋಗಬೇಡಿ. ಉರಿ ಬಂದರೆ ವಿಶ್ರಾಂತಿ, ನೋವು ಬಂದರೆ ಬಂದ್.

ನನಗೆ ಆಗ ತಾಳಯಂತ್ರವಿರಲಿಲ್ಲ. ಲೋಕಲ್ ಟ್ರೇನೇ ಯಂತ್ರ. ಹಳಿಯ ಜೋಡಣೆಗಳ ಮೇಲೆ ಚಕ್ರ ಹಾಯುವಾಗ ಟಕ್‌ಟಕ್, ಟಕ್‌ಟಕ್. ಶ್ರೀಖಂಡದ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ಪಿಕ್ಕು ಹಿಡಿದು, ಬಾಚಣಿಗೆಯ ಹಲ್ಲಿನ ಮೇಲೆ ಆ ತಾಳಕ್ಕೆ ಮೀಟುತ್ತಿದ್ದೆ. ಡೊಂಬಿವಲಿ ಬಿಡುವಾಗ ನಿಧಾನ, ದಿವಾ ದಾಟಿದ ಮೇಲೆ ಜೋರು, ಠಾಣೆಗೆ ಮತ್ತೆ ನಿಧಾನ. ಟ್ರೇನು ಕೂಡ ನಿಂತಲ್ಲಿಂದ ಒಮ್ಮೆಲೇ ಓಡುವುದಿಲ್ಲ. ದಿನೂಭಾವು ನಾಲ್ಕನೇ ಕಾರ್ಯಕ್ರಮಕ್ಕೆ ಕರೆದ. ಆ ಹಾಡಿನಲ್ಲಿ ಹಾಡುವವಳ ಉಸಿರು ಮುಗಿಯಿತು, ನನ್ನ ಕೈ ಮುಗಿಯಲಿಲ್ಲ. ಈಗ ಹಳಿಗಳನ್ನು ಬೆಸೆದಿದ್ದಾರೆ, ಡಬ್ಬಿ ನುಣ್ಣಗೆ ಜಾರುತ್ತದೆ. ಮಕ್ಕಳ ಫೋನಿನೊಳಗೆ ತಾಳ ಬಂದು ಕೂತಿದೆ. ಒಳ್ಳೆಯದೇ. ಆದರೂ ಬಾಗಿಲ ಬಳಿ ನಿಂತಾಗ ನನ್ನ ಕೈ ಆ ಟಕ್‌ಟಕ್‌ಗೆ ಕಾಯುತ್ತದೆ. ಎಲ್ಲಾದರೂ ಹಳಿ ಬದಲಿಸುವ ಕಡೆ ನಾಲ್ಕು ಬಡಿತ ಸಿಕ್ಕರೆ ಊರಿನವರು ಸಿಕ್ಕ ಹಾಗೆ.

ಈ ನಡುವೆ ಮಾಸ್ತರರ ಚಾಳು ನನ್ನ ದಾರಿಯಲ್ಲೇ ಇತ್ತು. ಸ್ಟೇಷನ್ನಿಗೆ ಹೋಗುವಾಗ ದಿನವೂ ಅದರ ಕೆಳಗೆ ಹಾಯಬೇಕು. ಎರಡನೇ ಮಾಳಿಗೆಯ ಕಿಟಕಿಯಿಂದ ಯಾರೋ ಹೊಸಬರು ಅದೇ ಮೊದಲ ಪಾಠ ನುಡಿಸುವುದು ಕೇಳುತ್ತಿತ್ತು. ತಡವರಿಸಿ, ಎಡವಿ, ಆರು ತಂತಿ ಹತ್ತಿ ಇಳಿಯುವುದು. ಹಿಂದೆಯೇ ಆ ಧ್ವನಿ: “ಹಳೂ.” ನಾನು ನಡಿಗೆ ನಿಧಾನಿಸುತ್ತಿದ್ದೆ. ಮೆಟ್ಟಿಲ ಮೇಲೆ ಒಮ್ಮೆ ಕಾಲಿಟ್ಟದ್ದೂ ಉಂಟು. ಮುಂದಿನ ಸೋಮವಾರ ಅಂದುಕೊಂಡು ಟ್ರೇನು ಹಿಡಿದೆ. ನನಗೆ ಮದುವೆಯಾಯಿತು, ಸ್ವಂತ ಕ್ಲಾಸು ಶುರುವಾಯಿತು, ಡೊಂಬಿವಲಿ, ಠಾಣೆ, ಸಾನಪಾಡಾ ಎಂದು ವಾರ ಹಂಚಿಹೋಯಿತು. ಒಂದು ಮಳೆಗಾಲ ಮುಗಿದು ನೋಡಿದರೆ ಚಾಳಿನ ಸುತ್ತ ತಗಡಿನ ಬೇಲಿ. ರೀಡೆವಲಪ್‌ಮೆಂಟ್. ಕೆಲವೇ ದಿನಗಳಲ್ಲಿ ಆ ಕಿಟಕಿ ಇದ್ದ ಜಾಗದಲ್ಲಿ ಬರೀ ಆಕಾಶ ಕಾಣಿಸಿತು. ಮಾಸ್ತರರು ಎಲ್ಲಿಗೆ ಹೋದರು ಎಂದು ಕೇಳಲು ಚಾಳಿನವರು ಒಬ್ಬರೂ ಉಳಿದಿರಲಿಲ್ಲ.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಐರೋಲಿಯ ಆರ್ಯಾ ಎಂಬ ಹುಡುಗಿ ನನ್ನಲ್ಲಿ ಕಲಿಯುತ್ತಿದ್ದಳು. ಅಪ್ಪ ಅಮ್ಮ ನಮ್ಮ ಕಡೆಯವರೇ. ಅವಳಿಗೆ ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ನನ್ನ ಕ್ಲಾಸಿನಲ್ಲಿ, ನಿಮಿಷಕ್ಕಿಷ್ಟು ಎಂದು ಎಣಿಸುವ ತಾಳದ ಬೀಟು ಏರಿಸುವುದಕ್ಕೆ ಚೌಕಾಶಿ ನಡೆಯುತ್ತಿತ್ತು. ವಾರಕ್ಕೆ ನಾನು ಬಿಡುತ್ತಿದ್ದದ್ದು ಎರಡೋ ನಾಲ್ಕೋ ಬೀಟು.

“ಟೀಚರ್, ಇಸ್ ಹಫ್ತೇ ಏಕ್ ಸೌ ಬೀಸ್?” ಈ ವಾರ ನೂರ ಇಪ್ಪತ್ತು ಬೇಕಂತೆ.

“ತೊಂಬತ್ತಾರು.”

“ಏಕ್ ಸೌ ದಸ್. ಪ್ಲೀಸ್.”

“ತೊಂಬತ್ತೆಂಟು. ಅದೂ ನಿನ್ನ ಮುಖ ನೋಡಿ.”

“ಸಬ್ಜಿವಾಲಾ ಭೀ ಇತ್ನಾ ನಹೀ ಅಡ್ತಾ, ಟೀಚರ್.” ತರಕಾರಿಯವನೂ ಇಷ್ಟು ಹಟ ಹಿಡಿಯುವುದಿಲ್ಲವಂತೆ.

ಒಮ್ಮೆ ಅವಳ ಅಪ್ಪನೇ ಬಂದು ಕೂತರು. ಮೂರು ವಾರದಲ್ಲಿ ಕಾಲೇಜಿನ ಸ್ಪರ್ಧೆ. “ಟೀಚರ್, ಬೇರೆ ಕ್ಲಾಸಿನ ಮಕ್ಕಳು ನೂರ ಅರವತ್ತರಲ್ಲಿ ನುಡಿಸ್ತಾರೆ. ನೀವು ಇನ್ನೂ ಬ್ರೇಕ್ ಹಾಕ್ಕೊಂಡೇ ಇದ್ದೀರಿ.” ಬೇರೆ ಕ್ಲಾಸು ಎಂಬ ಮಾತು ನನ್ನನ್ನು ಚುಚ್ಚಿತು. ವ್ಯಾಪಾರದಲ್ಲಿ ಎದುರಿನವನ ಅಂಗಡಿ ತೋರಿಸುವುದು ಹಳೆಯ ಉಪಾಯ, ನಾನೇ ಎಷ್ಟು ಸಲ ಮಾಡಿದ್ದೇನೆ. ಆದರೂ ಬಿದ್ದೆ. “ಸರಿ, ನೂರ ನಲವತ್ತು” ಅಂದುಬಿಟ್ಟೆ.

ಹುಡುಗಿ ಮೂರು ವಾರ ದಿನಕ್ಕೆ ನಾಲ್ಕು ಗಂಟೆ ಕುಟ್ಟಿದಳು. ನೋವನ್ನು ಮುಚ್ಚಿಟ್ಟಳು. ಸ್ಪರ್ಧೆಯಲ್ಲಿ ನುಡಿಸಿಯೂ ನುಡಿಸಿದಳು. ಎರಡು ದಿನ ಬಿಟ್ಟು ಅವಳ ಅಮ್ಮ ಫೋನು ಮಾಡಿದರು. “ನೀರಿನ ಬಾಟ್ಲಿ ತೆರೀಲಿಕ್ಕೆ ಆಗುದಿಲ್ಲ ಟೀಚರ್ ಅವಳಿಗೆ. ಜಡೆ ಸಹ ನಾನೇ ಹಾಕ್ತಾ ಇದ್ದೇನೆ.” ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆರು ತಿಂಗಳು ಆರ್ಯಾ ಗಿಟಾರ್ ಮುಟ್ಟಲಿಲ್ಲ. ನಾನು ಪ್ರತಿ ಭಾನುವಾರ ಐರೋಲಿಗೆ ಹೋಗಿ ಅವಳ ಜೊತೆ ಸುಮ್ಮನೆ ಕೂತು ಬರುತ್ತಿದ್ದೆ. ವೈದ್ಯರು ಸರಿ ಅಂದ ದಿನ ಅವಳು ಗಿಟಾರ್ ತೊಡೆಗೆ ಏರಿಸಿಕೊಂಡು ನನ್ನ ಮುಖ ನೋಡಿದಳು. ಮೊದಲ ಪಾಠ ಹೇಳಿದೆ. ಒಂದು ತಂತಿ, ನಾಲ್ಕು ಸ್ವರ. ಭಯಕ್ಕೋ ಆಸೆಗೋ ಅವಳು ಅವಸರ ಮಾಡಿದಳು. ನನ್ನ ಬಾಯಿಂದ ತಾನಾಗಿ ಬಂತು: “ಹಳೂ.”

“ಆಪ್ ಮರಾಠೀ ಮೇ ಕ್ಯೂಂ ಬೋಲಾ?” ಅಂದಳು, ಮರಾಠಿ ಯಾಕೆ ಎಂದು.

ಅಷ್ಟು ವರ್ಷಗಳಲ್ಲಿ ಯಾರಿಗೂ ಹೇಳದ ಆ ಕಥೆಯನ್ನು ಅವಳಿಗೆ ಹೇಳಿದೆ. ಹಳೂ, ಹಾಳು, ಮೂರು ತಿಂಗಳು, ಮೆಟ್ಟಿಲು. ಅವಳು ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಕೇಳಿದಳು, “ಫಿರ್ ಸರ್ ಕೋ ಬತಾಯಾ?” ಆಮೇಲೆ ಸರ್‌ಗೆ ಹೇಳಿದಿರಾ?

“ಇಲ್ಲ.”

“ಕ್ಯೂಂ?”

ಚೌಕಾಶಿಯಲ್ಲಿ ಉತ್ತರಕ್ಕೆ ತಡಮಾಡಿದವರು ಸೋತ ಹಾಗೆ. ನಾನು ಸೋತೆ.

ಅಂದಿನಿಂದ ಮಾಸ್ತರರನ್ನು ಹುಡುಕಲು ಶುರು ಮಾಡಿದೆ. ಸಿಗಲಿಲ್ಲ. ಆರ್ಯಾ ಕೆಲಸಕ್ಕೆ ಸೇರಿದಳು, ನನ್ನ ಹೆಬ್ಬೆರಳು ಕೆಟ್ಟಿತು, ಕ್ಲಾಸು ಮುಚ್ಚಿದೆ. ಕಳೆದ ಚಳಿಗಾಲದಲ್ಲಿ ಸಾನಪಾಡಾದ ತಂತಿ ಮಾರುವ ಅಂಗಡಿಯಲ್ಲಿ, ಹಳೆಯ ಪರಿಚಯದ ಮಾಲೀಕ ಮಾತಿನ ನಡುವೆ ಹೇಳಿದ, ಡೊಂಬಿವಲಿಯ ಸಾಳ್ವಿ ಸರ್ ಈಗ ಕಾಮೋಠೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಪೂರ್ತಿ ಹೋಗಿದೆ ಎಂದು. ಅಂಗಡಿಯಿಂದ ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತೆ. ನನ್ನ ಕೈಗೆ ಹತ್ತು ನಿಮಿಷ, ಅವರ ಕಿವಿಗೆ ಅದೂ ಇಲ್ಲ. ಇಷ್ಟು ತಡಮಾಡಿದ್ದಕ್ಕೆ ಸಿಕ್ಕ ಬೆಲೆ ಇದು ಅನಿಸಿತು. ಆರ್ಯಾಳಿಗೆ ಫೋನು ಮಾಡಿದೆ. ಅವಳು ಹೇಳಿದ್ದು ಇಷ್ಟೇ: “ಟೀಚರ್, ಆಂಖ್ ತೋ ಹೈ ನಾ ಉನ್ಕೀ.” ಕಣ್ಣು ಇದೆಯಲ್ಲ ಅವರಿಗೆ.

ಮರುದಿನ ಗಿಟಾರ್ ಹೆಗಲಿಗೆ ಹಾಕಿ ಹೊರಟೆ. ಠಾಣೆಯಲ್ಲಿ ಟ್ರೇನು ಬದಲಿಸಿ, ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು, ರಿಕ್ಷಾದವನ ಜೊತೆ ದಾರಿಯ ಬಗ್ಗೆ ಜಗಳವಾಡದೆ ಹೋದೆ. ಬಾಗಿಲು ತೆರೆದದ್ದು ಮಗಳು. ಒಳಗೆ ಬಾಲ್ಕನಿಯ ಪಕ್ಕದ ಕುರ್ಚಿಯಲ್ಲಿ ಮಾಸ್ತರರು. ಅಂದಿನ ಮನುಷ್ಯನ ಅರ್ಧ ಆಗಿದ್ದರು. ಮುಗುಳ್ನಗು ಅಷ್ಟೇ ಇತ್ತು.

ಅವರ ಜೊತೆ ಮಾತೆಲ್ಲ ಶಾಲೆಯ ಸ್ಲೇಟಿನ ಮೇಲೆ. ಹೆಸರು ಬರೆದೆ. ಹೋಟೆಲಿನ ಗಲ್ಲೆಯವರ ಮಗಳು ಎಂದು ಬರೆದೆ. ಅವರು ತಲೆ ಅಲ್ಲಾಡಿಸಿದರು, ನೆನಪಿಲ್ಲ. ಮೂರು ತಿಂಗಳಿಗೆ ಎದ್ದು ಹೋದವಳು. ನೆನಪಿಲ್ಲ. ನಾನು ನಲವತ್ತಾರು ವರ್ಷ ಹೊತ್ತು ತಿರುಗಿದ್ದು ಅವರಲ್ಲಿ ಒಂದು ಗೀರಾಗಿಯೂ ಉಳಿದಿರಲಿಲ್ಲ. ಸ್ಲೇಟು ಒರೆಸಿ ಮರಾಠಿ ಲಿಪಿಯಲ್ಲಿ ಎರಡು ಶಬ್ದ ಬರೆದೆ. ಮೇಲೆ ‘ಹಳೂ’. ಕೆಳಗೆ ‘ಹಾಳು’, ಅದರ ಪಕ್ಕದಲ್ಲಿ ಮರಾಠಿಯಲ್ಲಿ: ನಮ್ಮ ಭಾಷೆಯಲ್ಲಿ ಇದಕ್ಕೆ ‘ಕೆಟ್ಟುಹೋಯಿತು’ ಎಂದು ಅರ್ಥ, ನನಗೆ ಕೇಳಿಸಿದ್ದು ಇದು.

ಅವರು ಸ್ಲೇಟನ್ನು ಕಣ್ಣಿನ ಹತ್ತಿರ ತಂದು ಓದಿದರು. ಹೆಗಲು ಕುಲುಕಲು ಶುರುವಾಯಿತು. ನಗು ಕೆಮ್ಮಾಯಿತು, ಮಗಳು ನೀರು ತಂದಳು.

“ಅಗಂ, ನಾನು ಎಲ್ಲರಿಗೂ ಅದನ್ನೇ ಹೇಳುತ್ತಿದ್ದೆ,” ಅಂದರು ಮರಾಠಿಯಲ್ಲಿ. “ಕೋಣೀಚ್ ಐಕಲಂ ನಾಹೀ.” ಯಾರೂ ಕೇಳಲಿಲ್ಲ. ಆಮೇಲೆ ತಮ್ಮ ಕಿವಿಯನ್ನು ತಾವೇ ಹಿಡಿದು ತೋರಿಸಿ, “ಈಗ ನನ್ನ ಸರದಿ” ಅಂದರು.

ಮತ್ತೊಮ್ಮೆ ಸ್ಲೇಟು ನೋಡಿದರು. ನಗು ಇಳಿದಿತ್ತು. ಅಂಗಿಯ ತೋಳಿನಿಂದ ಕೆಳಗಿನ ಸಾಲನ್ನು, ‘ಹಾಳು’ವನ್ನು, ಪೂರ್ತಿ ಹೋಗುವವರೆಗೆ ಒರೆಸಿದರು. ಮೇಲಿನ ಶಬ್ದವನ್ನು ಹಾಗೇ ಬಿಟ್ಟು ಸ್ಲೇಟನ್ನು ನನ್ನ ಎದುರಿಗೆ ಟೀಪಾಯಿಗೆ ಒರಗಿಸಿ ಇಟ್ಟರು. “ವಾಜವ್,” ಅಂದರು. ನುಡಿಸು.

ಗಿಟಾರ್ ತೆಗೆದೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಎರಡು ಬೆರಳನ್ನು ನನ್ನ ಬಲಗೈ ಮಣಿಕಟ್ಟಿನ ಮೇಲೆ ಇಟ್ಟರು, ನಾಡಿ ನೋಡುವ ಹಾಗೆ. ನಾನು ಶುರು ಮಾಡಿದ ವೇಗ ಸುಮಾರು ಅರವತ್ತು ಇರಬೇಕು, ನನ್ನ ಲೆಕ್ಕದಲ್ಲಿ ಅದೇ ಬಹಳ ನಿಧಾನ. ಅವರು ಇನ್ನೊಂದು ಕೈಯನ್ನು ಗಾಳಿಯಲ್ಲಿ ಕೆಳಗೆ ಒತ್ತಿದರು. ನಾನು ನಿಲ್ಲಿಸಿ ಐದು ಬೆರಳು ತೋರಿಸಿದೆ: ಐವತ್ತು? ಅಭ್ಯಾಸಬಲ. ಅವರು ಹೆಬ್ಬೆರಳು ಮಡಚಿ ನಾಲ್ಕು ತೋರಿಸಿದರು.

ನಾನು ಚೌಕಾಶಿ ಮಾಡಲಿಲ್ಲ.

ಕೆಳಗೆ, ಮೇಲೆ. ಕೆಳಗೆ, ಮೇಲೆ. ಅಷ್ಟು ನಿಧಾನದಲ್ಲಿ ಏನನ್ನೂ ಮುಚ್ಚಿಡಲಾಗುವುದಿಲ್ಲ, ಪ್ರತಿ ಸ್ವರ ಬೆಳಕಿಗೆ ಬಂದು ನಿಲ್ಲುತ್ತದೆ. ನಾಲ್ಕನೇ ತಂತಿಯಲ್ಲಿ ಹೆಬ್ಬೆರಳು ಬಿಗಿಯಿತು, ಅವರ ಬೆರಳು ಅದನ್ನು ನನಗಿಂತ ಮೊದಲೇ ಕಂಡುಹಿಡಿದು ಮೆಲ್ಲಗೆ ತಟ್ಟಿತು. ಸಡಿಲ ಬಿಟ್ಟೆ. ಆರು ತಂತಿ ಹತ್ತಿದೆ, ಇಳಿದೆ. ಮತ್ತೆ ಅಂದರು, ಮತ್ತೆ ಹತ್ತಿದೆ. ಎದುರಿನ ಗೋಡೆಯ ಗಡಿಯಾರ ನೋಡುವಾಗ ಹನ್ನೆರಡು ನಿಮಿಷ ಆಗಿತ್ತು. ಪಿಕ್ಕು ಕೈಯಲ್ಲೇ ಇತ್ತು.

ಮಾಸ್ತರರು ಬೆರಳು ತೆಗೆದರು. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡುತ್ತಾ ಕೂತರು. ಆಮೇಲೆ, ಏಳೂಕಾಲರ ಲೋಕಲ್ಲಿಗೆ ತಡವಾಗುತ್ತಿರುವವರ ಹಾಗೆ ಕುರ್ಚಿಯ ಕೈ ಹಿಡಿದು ಎದ್ದು ನಿಂತು ಹೇಳಿದರು:

“ಹಂ. ಉದ್ಯಾ ದುಸರಾ ಧಡಾ.”

ನಾಳೆ ಎರಡನೇ ಪಾಠ. ನಾನು ಬಳಪ ತೆಗೆದುಕೊಂಡು, ‘ಹಳೂ’ವಿನ ಕೆಳಗೆ ಅವರು ಒರೆಸಿದ ಜಾಗದಲ್ಲಿ ಬರೆದೆ: ಎಷ್ಟು ಗಂಟೆಗೆ, ಸರ್?